ತಾಸಿನ ಕೊನೆಗೆ ಹಾಜರಿ

ಅಕ್ಕೋರ ಹುಬ್ಬಿನ ಮೇಲೆ ಸದಾ ಸೀಮೆಸುಣ್ಣದ ಒಂದು ಬಿಳಿ ಗೀರು ಇರುತ್ತಿತ್ತು. ಬೋರ್ಡಿನ ಮೇಲೆ ಬರೆಯುತ್ತಿದ್ದ ಕೈಯಿಂದಲೇ ಬೆವರು ಒರೆಸಿಕೊಳ್ಳುತ್ತಿದ್ದರು. ಅದು ಬಲಹುಬ್ಬೋ ಎಡಹುಬ್ಬೋ, ಈಗ ಹೇಳಲಾರೆ. ಇಷ್ಟೂ ನೆನಪಿಲ್ಲದವನು ಆ ವಾರ ನಿಜವಾಗಿ ಏನಾಯಿತೆಂದು ಬರೆದರೆ ಎಷ್ಟು ನಂಬಬೇಕೋ, ನನಗೇ ಗೊತ್ತಿಲ್ಲ.

ಬಿ.ಇಡಿ. ಓದುವಾಗ ಇಂಟರ್ನ್‌ಶಿಪ್‌ಗೆಂದು ನನ್ನನ್ನು ಇಂಡಿ ತಾಲ್ಲೂಕಿನ ಒಂದು ಹೈಸ್ಕೂಲಿಗೆ ಹಾಕಿದ್ದರು. ಒಂಬತ್ತನೆಯ ತರಗತಿಗೆ ಗಣಿತ ಕಲಿಸುತ್ತಿದ್ದ ಶಿಕ್ಷಕಿ, ಅಲ್ಲಿಯವರ ಮಾತಿನಲ್ಲಿ ಅಕ್ಕೋರು, ನನ್ನ ಮಾರ್ಗದರ್ಶಕರು. ಮುದ್ದೇಬಿಹಾಳದ ಕಡೆಯ ಮುಸ್ಲಿಂ ಮನೆತನದವರು. ಮಕ್ಕಳೆದುರು ನನ್ನನ್ನು ‘ಸರ್’ ಎನ್ನುತ್ತಿದ್ದರು, ಮರೆಯಲ್ಲಿ ‘ತಮ್ಮಾ’.

ತರಗತಿಯನ್ನು ನನಗೆ ಬಿಟ್ಟುಕೊಡುತ್ತಿದ್ದೇನೆಂದು ಅವರು ಬಾಯಿಬಿಟ್ಟು ಹೇಳಲಿಲ್ಲ. ಮೊದಲ ವಾರ ಮೇಜಿನ ಪಕ್ಕ ಕುರ್ಚಿ ಹಾಕಿಕೊಂಡು ಕೂತರು. ಎರಡನೆಯ ವಾರ ಕೊನೆಯ ಬೆಂಚಿಗೆ ಹೋದರು. ಮೂರನೆಯ ವಾರ ಹೊರಗೆ ವರಾಂಡದಲ್ಲಿ ನೋಟ್‌ಬುಕ್ ತಿದ್ದುತ್ತಿದ್ದರು. ನಾನು ಲೆಕ್ಕ ತಪ್ಪಿದರೆ ಒಳಗೆ ಬರುತ್ತಿರಲಿಲ್ಲ, ಕೆಮ್ಮುತ್ತಿದ್ದರು.

ಅವರ ಒಂದು ಪದ್ಧತಿ ನನಗೆ ಸೇರುತ್ತಿರಲಿಲ್ಲ. ಪಿರಿಯಡ್ಡಿಗೆ ಅಲ್ಲಿ ತಾಸು ಎನ್ನುತ್ತಾರೆ. ಮೊದಲ ತಾಸಿನ ಹಾಜರಿಯನ್ನು ಅವರು ತಾಸು ಮುಗಿಯುವಾಗ ಕರೆಯುತ್ತಿದ್ದರು. ಅಲ್ಲಿಯತನಕ ಬಾಗಿಲು ತೆರೆದೇ ಇರುತ್ತಿತ್ತು. ಏಕೆಂದು ಕೇಳಿದೆ.

“ಯಾರ್ ಬಂದಾರ ಅಂತ ಬರಿಯೂದು ಹಾಜರಿ, ತಮ್ಮಾ. ಯಾರ್ ತಡಾ ಮಾಡ್ಯಾರ ಅಂತಲ್ಲ.”

ಶಿಸ್ತಿಲ್ಲದ ಅಭ್ಯಾಸ ಎಂದು ನನ್ನ ದಿನಚರಿಯಲ್ಲಿ ಬರೆದುಕೊಂಡೆ.

ನಮ್ಮ ಕಾಲೇಜಿನ ಮೇಲ್ವಿಚಾರಕರು ಪಾಠ ನೋಡಲು ಬಂದ ದಿನ ಅಕ್ಕೋರು ಯಾವುದೋ ಸಭೆಗೆ ಹೋಗಿದ್ದರು. ಪುಸ್ತಕದಲ್ಲಿ ಹೇಳಿದಂತೆ ಮೊದಲೇ ಹಾಜರಿ ಕರೆದು ಬಾಗಿಲು ಹಾಕಿದೆ. ಸ್ವಲ್ಪ ಹೊತ್ತಿನ ಮೇಲೆ ಒಬ್ಬ ಹುಡುಗಿ ಬಾಗಿಲು ತಟ್ಟಿದಳು. ನಸುಕಿನಲ್ಲಿ ನಿಂಬೆ ತೋಟಕ್ಕೆ ಹೋಗಿ, ಕಾಯಿ ಬಿಡಿಸಿ, ಅಲ್ಲಿಂದಲೇ ಶಾಲೆಗೆ ಬರುವವಳು. ಮೊಣಕೈತನಕ ಮುಳ್ಳು ತರಚಿದ ಗಾಯ. ತಡವಾದವರು ನಾಳೆ ಬರಬೇಕೆಂದು ಹೇಳಿ ಕಳಿಸಿದೆ. ಮರುದಿನ ಅವಳು ಬರಲಿಲ್ಲ. ಅದರ ಮರುದಿನವೂ ಇಲ್ಲ.

ಅಕ್ಕೋರು ಬೈಯಲಿಲ್ಲ. “ಹೊಳ್ಳಿ ಕಳಿಸಿದಾಂವ ನೀ. ಕರ್ಕೊಂಡ ಬರಾಕೂ ನೀನ ಹೋಗಬೇಕು. ಜೋಡಿ ಬರ್ತೇನಿ, ಮಾತಾಡಂಗಿಲ್ಲ,” ಎಂದರು.

ಹಾಗೆಯೇ ಬಂದರು. ಹುಡುಗಿಯ ಮನೆಯಲ್ಲಿ ಹೊರಸಿನ ಮೇಲೆ ಕೂತು ಸಾಸರಿನಲ್ಲಿ ಚಹಾ ಆರಿಸುತ್ತಿದ್ದರು. ನಾನು ಶಿಕ್ಷಣದ ಹಕ್ಕು, ಹೆಣ್ಣುಮಕ್ಕಳ ಭವಿಷ್ಯ ಎಂದೆಲ್ಲ ಮಾತಾಡಿದೆ. ಅವಳ ಅಪ್ಪ ಪೂರ್ತಿ ಕೇಳಿದ.

“ಹೊಲ್ದಾಗ ತಡಾ ಆದ್ರ ನಾಕ ಮಾತ ಬೈತಾರ್ರಿ ಸರ್, ಆದ್ರ ಕೆಲಸಾ ಕೊಡ್ತಾರ. ನೀವು ಬಾಗಲಾ ಹಾಕಿದ್ರಿ. ಈಗ ಆಕಿ ಇಡೀ ದಿನಾ ಕೆಲಸಕ್ಕ ಹೋಗ್ತಾಳ.” ಆಮೇಲೆ ಅಕ್ಕೋರ ಕಡೆ ತಿರುಗಿ ಕೇಳಿದ: “ಇವ್ರು ಸಾಲಿಗೆ ಬಂದು ಎಷ್ಟ ದಿನಾ ಆತ್ರಿ?”

“ಮೂರು ವಾರ.”

“ಹಂಗಾರ ಇನ್ನೂ ಹಸೀಕಾಯಿ ಬಿಡ್ರಿ.”

ಅಕ್ಕೋರು ನಕ್ಕರು. ಅಲ್ಲಿ ಅವರಾಡಿದ್ದು ‘ಮೂರು ವಾರ’ ಎಂಬ ಎರಡೇ ಪದ.

ನಂತರದ್ದು ನನ್ನ ನೆನಪಿನಲ್ಲಿ ಹೀಗಿದೆ: ನಾನು ತಪ್ಪಾಯಿತೆಂದೆ, ಅಪ್ಪ ಕರಗಿದ, ಮುಂದಿನ ಸೋಮವಾರ ಹುಡುಗಿ ತರಗತಿಗೆ ಬಂದಳು. ಈಗ ಸಿಂದಗಿಯಲ್ಲಿ ನಾನೇ ಶಿಕ್ಷಕರಾಗುವವರಿಗೆ ಪಾಠ ಹೇಳುತ್ತೇನೆ. ಪ್ರತಿ ವರ್ಷ ಇದನ್ನು ಹೇಳಿದ್ದೇನೆ. ಒಮ್ಮೆ ವಿದ್ಯಾರ್ಥಿನಿಯೊಬ್ಬಳು, ಆ ಸೋಮವಾರ ಯಾವ ಪಾಠ ಮಾಡಿದಿರಿ ಸರ್ ಎಂದು ಕೇಳಿದಳು. ಅದರ ಹಿಂದಿನ ಶನಿವಾರವೇ ನನ್ನ ಇಂಟರ್ನ್‌ಶಿಪ್ ಮುಗಿದಿತ್ತೇನೋ ಎಂಬ ಸಂಶಯ ಅಂದಿನಿಂದ ನನ್ನನ್ನು ಬಿಡಲಿಲ್ಲ. ಅಕ್ಕೋರಿಗೆ ಆಗಾಗ ಫೋನ್ ಮಾಡುತ್ತಿದ್ದೆ. ಕೇಳುವ ಧೈರ್ಯ ನನಗಾಗಲಿಲ್ಲ, ತಾವಾಗಿ ಅವರು ಹೇಳಲಿಲ್ಲ.

ಕಳೆದ ವರ್ಷ ಅವರು ತೀರಿಕೊಂಡರು. ಅವರ ಮನೆಯವರನ್ನು ಕಂಡು ಮರಳುವಾಗ ಶಾಲೆಗೆ ಹೋಗಿ, ಗುಮಾಸ್ತರನ್ನು ಬೇಡಿಕೊಂಡು ಹಳೆಯ ದಾಖಲಾತಿ ಪುಸ್ತಕ ತೆಗೆಸಿದೆ. ಹುಡುಗಿಯ ಹೆಸರಿನ ಮುಂದೆ, ಆ ವರ್ಷ ಸತತ ಗೈರು ಎಂದಿತ್ತು. ಮರುವರ್ಷ ಜೂನ್‌ನಲ್ಲಿ ಅದೇ ಒಂಬತ್ತನೆಯ ತರಗತಿಗೆ ಮರುಪ್ರವೇಶ. ಪಾಲಕರ ಸಹಿ ಇರಬೇಕಾದಲ್ಲಿ ಇದ್ದದ್ದು ಅಕ್ಕೋರ ಸಹಿ.