ಓಬಳೇಶನ ಕೊಲೆಗಾರ ಹತ್ತಿದ ಆಟೋ

ಗುಮ್ಮಘಟ್ಟದ ಶೇರ್ ಆಟೋದಲ್ಲಿ ನಾನೂ ಸೇರಿ ಹನ್ನೊಂದು ಜನ ಕೂತಿದ್ದೆವು. ಪಕ್ಕದಲ್ಲಿದ್ದ, ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವ ಹೆಣ್ಣುಮಗಳು ನನ್ನ ಮುಖ ನೋಡಿ ಕೇಳಿದಳು: "ಸಾರ್, ನೀವು ಓಬಳೇಶಣ್ಣನ ಫ್ರೆಂಡಲ್ರಿ?"

ನೋಡಿ ನನ್ನ ಹಣೆಬರಹ! ಇಷ್ಟು ವರ್ಷಗಳಿಂದ ವಾರ ತಪ್ಪದೆ ಈ ಅಂಕಣ ಬರೆಯುತ್ತಿದ್ದೇನೆ. ಜೊತೆಗೆ ಫೋಟೋ ಬೇರೆ ಬರುತ್ತದೆ. ಆದರೂ ನಾನು ಯಾರು? ಓಬಳೇಶನ ಫ್ರೆಂಡ್.

"ಅವ್ರ ಹೊಸ ಪುಸ್ತಕ ಓದಿದ್ರೇನ್ರಿ? ಕೊಲೆ ಮಾಡಿದವ ಓಡಿ ಬಂದು ಆಟೋ ಹತ್ತತಾನ. ಆಟೋ ತುಂಬಂಗಿಲ್ಲ, ಬಿಡಂಗಿಲ್ಲ. ಅವ ಒಳಗ ಕುಂತು ಬೆವರತಾನ. ಅಷ್ಟ್ರಾಗ ಪೊಲೀಸ್ರು ಬಂದ್ಬಿಡ್ತಾರ್ರಿ! ಏನ್ ತಲಿರೀ ಅವ್ರದು!"

ಆ ತಲೆ ನನ್ನದು ತಾಯೀ! (ಬಾಯಿಬಿಟ್ಟು ಹೇಳಲಿಲ್ಲ. ಯಾರು ನಂಬುತ್ತಾರೆ?)

ಓಬಳೇಶ ಮಡಕಶಿರಾ ಕಡೆಯವನು, ರೊಳ್ಳದ ಹತ್ತಿರದ ಊರು. ಅವನ ಮೊದಲ ಕಾದಂಬರಿಯಲ್ಲಿ ಊರಿನ ದೊಡ್ಡಮನೆಗಳ ಗುಟ್ಟೆಲ್ಲ ಬಯಲಾಗಿತ್ತು. ದೊಡ್ಡ ಗಲಾಟೆಯಾಯಿತು. ಪುಸ್ತಕವನ್ನು ಲೈಬ್ರರಿಗಳಿಂದ ತೆಗೆಸಬೇಕೆಂದು ಒಂದು ಅರ್ಜಿ ತಯಾರಾಗಿ, ಸಹಿಗಾಗಿ ರಾಯದುರ್ಗದವರೆಗೂ ಬಂತು. ಅದರ ಹಿಂದೆಯೇ ಊರು ಬಿಟ್ಟು ಅವನೂ ಬಂದ. ಕೆಲವು ವರ್ಷ ಪೆನ್ನು ಮುಟ್ಟಲಿಲ್ಲ. ಇವನ ಕಥೆ ಮುಗಿಯಿತು ಎಂದು ನಾನು ಒಳಗೊಳಗೇ ಖುಷಿಯಾಗಿದ್ದೆ.

ಆಮೇಲೆ ಕ್ರೈಂ ಬರೆಯತೊಡಗಿದ ನೋಡಿ! ಕನ್ನಡದಲ್ಲಿ ಬಂದದ್ದು ತಿಂಗಳೊಳಗೆ ತೆಲುಗಿಗೆ. ನಾನು ಬರೆದದ್ದನ್ನು ಮನೆಯವರಿಗೆ ನಾನೇ ಓದಿ ಹೇಳಬೇಕು.

ಹೊಸ ಕಾದಂಬರಿಯನ್ನು ಅಚ್ಚಿಗೆ ಮುಂಚೆ ನನಗೇ ಓದಲು ಕೊಟ್ಟ. ತಪ್ಪು ಹುಡುಕಲೆಂದೇ ಓದಿದೆ. ಸಿಕ್ಕಿತು! ಅವನು ಮೊದಲು ಬರೆದಿದ್ದ ಪ್ರಕಾರ ಕೊಲೆಗಾರ ಒಬ್ಬನೇ ಶೇರ್ ಆಟೋ ಹತ್ತುತ್ತಾನೆ, ಆಟೋ ಬುರ್ ಎಂದು ಹೊರಟೇಬಿಡುತ್ತದೆ. ಒಬ್ಬನಿಗಾಗಿ ಹೊರಡುವ ಶೇರ್ ಆಟೋ ನಮ್ಮ ಸೀಮೆಯಲ್ಲಿದೆಯೇ? ಕಾರು ಕೊಂಡವನಿಗೆ ಆಟೋ ಮರೆತುಹೋಗಿತ್ತು. ಅವನ ಮುಖ ಸಪ್ಪಗಾಗುವುದನ್ನು ನೋಡಲು ಅವನ ಮನೆಗೇ ಓಡಿದೆ.

ಅವನೋ, ಬಿದ್ದು ಬಿದ್ದು ನಕ್ಕ. "ಒಳ್ಳೇ ಟೈಮಿಗೆ ಹೇಳ್ದೆ ಕಣಪ್ಪ. ಕೊಲೆಗಾರ ಸಿಗಾಕ್ಕಳಾಕೆ ಇದಕ್ಕಿಂತ ಒಳ್ಳೇ ಜಾಗ ಬೇಕಾ?" ಎಂದು ನನ್ನೆದುರೇ ತಿದ್ದಿದ. ಈಗ ಊರೆಲ್ಲ ಹೊಗಳುವುದು ಅದೇ ಪುಟವನ್ನು.

ಆಟೋ ಇಳಿದವನು ತಡೆಯಲಾರದೆ ಸೀದಾ ಅವನ ಮನೆಗೆ ಹೋಗಿ ಹೇಳಿಬಿಟ್ಟೆ: "ಆ ಅರ್ಜಿಗೆ ನಾನೂ ಸೈನ್ ಹಾಕಿದ್ದೆನೋ. ನಿನ್ನ ಪುಸ್ತಕ ಓದಿದ್ದಿಲ್ಲ. ಬರೇ ಹೊಟ್ಟಿಕಿಚ್ಚಿಗೆ ಹಾಕಿದೆ."

"ಗೊತ್ತೈತೆ ಬಿಡಪ್ಪ, ಅವಾಗ್ಲೇ ನೋಡಿದ್ದೆ," ಎಂದ ಓಬಳೇಶ. "ಬಾ, ಊಟ ಮಾಡು. ಹೋದ್ ವಾರ ನಿನ್ ಅಂಕಣ ಚೆನ್ನಾಗಿತ್ತು."

ಉಂಡೆ. ನಾಲ್ಕು ಬೈದಿದ್ದರೆ ಅನ್ನ ಸಲೀಸಾಗಿ ಇಳಿಯುತ್ತಿತ್ತು.

ಅಲ್ಲ, ಇಷ್ಟು ವರ್ಷದಲ್ಲಿ ಒಂದೇ ಒಂದು ಸಲವಾದರೂ ಅವನಿಗೆ ನನ್ನ ಮೇಲೆ ಹೊಟ್ಟೆಕಿಚ್ಚಾಗಬಾರದಿತ್ತೇ?