ಬೆನ್ನ ಹಿಂದಿನಿಂದ ಕೂಗಿದಾಗ

ರೇಣುಕಾ, ಆ ಕಾಲಂ ಕಂಪ್ಯೂಟರ್ ತೆಗೆದದ್ದಲ್ಲ, ನಾನೇ ತೆಗೆದೆ. ಏಳು ವರ್ಷ ನಿನ್ನಿಂದ ಮುಚ್ಚಿಟ್ಟೆ— ಇವತ್ತು ಹೇಳಿಯೇ ತೀರುತ್ತೇನೆ.

ನಮ್ಮ ಜಮಖಂಡಿ ಕಾಲೇಜಿನಿಂದ ಬನಹಟ್ಟಿಯ ಪವರ್‌ಲೂಮ್ ನೇಕಾರರ ಆರೋಗ್ಯ ಸಮೀಕ್ಷೆ ಮಾಡಿದ್ದೆವಲ್ಲ. ನಾನು ಸಂಖ್ಯಾಶಾಸ್ತ್ರ ಕಲಿಸುವ ಮೇಡಂ, ನೀನು ಕೊನೆಯ ವರ್ಷದ ವಿದ್ಯಾರ್ಥಿನಿ, ನೇಕಾರರ ಮನೆಯ ಮಗಳು. ಕಿವಿಯ ತೊಂದರೆ ಕಂಡರೆ ಊರಿಗೆ ತಪಾಸಣೆಯ ಶಿಬಿರ ಬರುವುದಿತ್ತು. ನನ್ನ ಪ್ರಶ್ನಾವಳಿಯಲ್ಲಿ ಅದರ ಬಗ್ಗೆ ಇದ್ದದ್ದು ಒಂದೇ ಪ್ರಶ್ನೆ: ಕಿವಿ ಸರಿಯಾಗಿ ಕೇಳಿಸುತ್ತದೆಯೇ? ಎಲ್ಲರೂ 'ಛಲೋ ಕೇಳಸತೈತ್ರಿ' ಅಂದರು.

ನೀನು ನಕ್ಕುಬಿಟ್ಟೆ. "ಮೇಡಂ, ಮಗ್ಗದ ಸಪ್ಪಳದಾಗ ಯಾರೂ ಕಿವೀಲೆ ಕೇಳೂದಿಲ್ರಿ, ತುಟಿ ನೋಡತಾರ. ನಮ್ಮಪ್ಪನೂ ಹಂಗ. ಎದುರಿಗೆ ನಿಂತು ಕೇಳಿದ್ರ ಎಲ್ಲಾರೂ ಹೂಂ ಅಂತಾರ!"

ನನ್ನನ್ನು ಕೇಳದೆ ನೀನು ಮತ್ತೆ ಮನೆಮನೆ ತಿರುಗಿದೆ. ಒಬ್ಬೊಬ್ಬರ ಬೆನ್ನ ಹಿಂದೆ ನಿಂತು ಹೆಸರು ಹಿಡಿದು ಕೂಗಿದೆ. ತಿರುಗಿದವರಿಗೆ 'ಹೌದು', ತಿರುಗದವರಿಗೆ 'ಇಲ್ಲ'. ಹಾಳೆಯ ಕೊನೆಗೆ ನಿನ್ನದೇ ಒಂದು ಕಾಲಂ, ಅದರ ತುಂಬ 'ಇಲ್ಲ'ಗಳು. ನಿಮ್ಮಪ್ಪನ ಹೆಸರಿನ ಮುಂದೆ ಮಾತ್ರ 'ಹೌದು, ಎರಡನೇ ಸಲಕ್ಕೆ' ಎಂದಿತ್ತು.

ನೋಡಿ ಖುಷಿಪಡಬೇಕಾದವಳು ನಾನು. ಖರೆ ಹೇಳಲೇ? ಹೊಟ್ಟೆ ಉರಿಯಿತು. ಇಪ್ಪತ್ತು ವರ್ಷ ಪಾಠ ಹೇಳಿದವಳಿಗೆ ಹೊಳೆಯದ್ದು ಈ ಹುಡುಗಿಗೆ ಹೊಳೆಯಿತೇ ಎಂದು— ನನ್ನ ಪ್ರಶ್ನೆಯೇ ದಡ್ಡ ಪ್ರಶ್ನೆ ಎಂದು ನಾಲ್ಕು ಜನಕ್ಕೆ ಗೊತ್ತಾಗುತ್ತದಲ್ಲ ಎಂದು—

ಡೇಟಾ ಫ್ರೇಮ್ ಎಂಬ ಕಂಪ್ಯೂಟರಿನ ಕೋಷ್ಟಕದಿಂದ ಕಾಲಂ ಆರಿಸುವುದನ್ನು ನಿನಗೆ ಕಲಿಸಿದವಳೇ ನಾನು. ಅಡ್ಡಸಾಲಿಗೊಬ್ಬ ನೇಕಾರ, ಕಾಲಂಗೊಂದು ಪ್ರಶ್ನೆ. ಬೇಕಾದ ಕಾಲಂಗಳ ಹೆಸರು ಬರೆದರಾಯಿತು, ಬರೆಯದ್ದು ತಾನಾಗಿ ಹೊರಗುಳಿಯುತ್ತದೆ. ಹನ್ನೊಂದು ಹೆಸರು ಬರೆದೆ. ನಿನ್ನ ಕಾಲಂನ ಹೆಸರು ಬರೆಯಲಿಲ್ಲ. 'ಕಿವಿಯ ತೊಂದರೆ ಕಂಡುಬಂದಿಲ್ಲ' ಎಂಬ ವರದಿಗೆ ಸಹಿ ಹಾಕಿದೆ. ಶಿಬಿರ ಬರಲಿಲ್ಲ.

ನೀನು ಬಂದು ಕೇಳಿದಾಗ ನಾನು ಅಂದೆ: "ನೀ ತುಂಬಿದ್ದ ತಪ್ಪೈತವ್ವಾ, ಕಂಪ್ಯೂಟರ್ ತಗೊಳ್ಳಲಿಲ್ಲ."

ಮೊಸರು ತಿಂದ ಮಂಗ ಮೇಕೆಯ ಬಾಯಿಗೆ ಒರೆಸಿತಂತೆ!

"ತಪ್ಪಾತ್ರಿ ಮೇಡಂ," ಅಂದೆ ನೀನು. ನೀನು, ನನಗೆ! ಆಮೇಲೆ ಎಂ.ಎಸ್ಸಿ.ಗೆ ಅರ್ಜಿಯನ್ನೇ ಹಾಕಲಿಲ್ಲ. 'ಈ ವಿದ್ಯಾ ನನಗ ಹತ್ತೂದಿಲ್ಲ' ಅಂದೆಯಂತೆ. ಅದನ್ನು ಕೇಳಿಯೂ ನಾನು ಬಾಯಿ ಬಿಡಲಿಲ್ಲ.

ಹೋದ ವಾರ ಎಲ್ಲ ಹೇಳಿಬಿಡಬೇಕೆಂದು ನಿಮ್ಮ ಮನೆಗೆ ಬಂದಿದ್ದೆ. ನೀನು ಇರಲಿಲ್ಲ. ನಿಮ್ಮಪ್ಪ ಕಟ್ಟೆಯ ಮೇಲೆ ನನಗೆ ಬೆನ್ನು ಮಾಡಿ ಕೂತು ನೂಲಿನ ಸಿಕ್ಕು ಬಿಡಿಸುತ್ತಿದ್ದರು. ಹೆಸರು ಹಿಡಿದು ಕರೆದೆ. ಎರಡು ಸಲ. ಮೂರು ಸಲ. ನಿಮ್ಮವ್ವ ಒಳಗಿನಿಂದ ಬಂದರು: "ಮುಂದ ಬಂದು ನಿಂದರ್ರಿ ಅಕ್ಕಾರ. ಹಿಂದಿಂದ ಕರದ್ರ ಈಗ ಒಟ್ಟ ಕೇಳಸೂದಿಲ್ರಿ." ಮುಂದೆ ಹೋಗಿ ನಿಲ್ಲುವ ಧೈರ್ಯವಾಗದೆ ಬಂದ ದಾರಿ ಹಿಡಿದೆ.

ನಿನ್ನ ಮೂಲ ಹಾಳೆ, ಫೈಲು ನನ್ನ ಹತ್ತಿರ ಹಾಗೇ ಇವೆ. ನಿನ್ನೆ ಆ ಹನ್ನೊಂದರ ಜೊತೆ ಹನ್ನೆರಡನೆಯ ಹೆಸರು ಸೇರಿಸಿದೆ. ನಾಳೆ ಸಮೀಕ್ಷೆ ಮಾಡಿಸಿದ್ದ ಸಮಿತಿಯ ಮುಂದೆ ಹೊಸ ವರದಿ ಇಡುತ್ತೇನೆ: ಪರೀಕ್ಷೆ ರೇಣುಕಾಳದು, ಮುಚ್ಚಿಟ್ಟವಳು ನಾನು ಎಂದು. ಶಿಬಿರ ಕೇಳುತ್ತೇನೆ, ಕೊಡುವತನಕ ಕೇಳುತ್ತೇನೆ. ಕೆಲಸ ಹೋದರೆ ಹೋಗಲಿ. ಹೋದ ಕಿವಿ ಬರುವುದಿಲ್ಲ, ಗೊತ್ತು.

ಅಲ್ಲಿಂದ ನೇರ ಬನಹಟ್ಟಿಗೆ ಬರುತ್ತೇನೆ. ಈ ಸಲ ನಿಮ್ಮಪ್ಪನ ಎದುರಿಗೆ ನಿಂತು ಹೇಳುತ್ತೇನೆ— ನಿಧಾನವಾಗಿ, ನನ್ನ ತುಟಿ ಅವರಿಗೆ ಕಾಣುವ ಹಾಗೆ.