ಪ್ಲಾಸ್ಟಿಕ್ಕಿನೊಳಗಿನ ಎಡಗೈ ಬ್ಯಾಟ್ಸ್‌ಮನ್

ಬಿಸಿ ಪ್ಲಾಸ್ಟಿಕ್ಕಿನ ವಾಸನೆ ಬೇರೆಯವರಿಗೆ ಏನೂ ಅಲ್ಲ. ನಾನು ಮಾತ್ರ ಅದು ಮೂಗಿಗೆ ಬಡಿದರೆ ಇದ್ದಲ್ಲೇ ನಿಂತುಬಿಡುತ್ತೇನೆ. ಹೋದ ವಾರ ಭಾಲ್ಕಿಯ ಬಸ್‌ಸ್ಟ್ಯಾಂಡ್ ಹತ್ತಿರದ ಝೆರಾಕ್ಸ್ ಅಂಗಡಿಯಲ್ಲಿ ಹೆಂಡತಿಯ ಆಧಾರ್ ಕಾರ್ಡಿಗೆ ಲ್ಯಾಮಿನೇಷನ್ ಮಾಡಿಸುತ್ತ ನಿಂತಿದ್ದೆ. ಕಾರ್ಡು ಯಂತ್ರದ ಬಾಯಿಗೆ ಹೋಗಿ ಇನ್ನೊಂದು ಕಡೆಯಿಂದ ಹೊರಗೆ ಬರುವವರೆಗೂ ಅಂಗಡಿಯವಳ ಕೈಯನ್ನೇ ದಿಟ್ಟಿಸುತ್ತಿದ್ದೆ. ಕೊನೆಗೆ ಅವಳಿಗೇ ಬೇಸರ ಬಂತು.

“ಯಾಕ್ರಿ ಕಾಕಾ, ಹಂಗ್ಯಾಕ ನೋಡ್ಲಾಕತ್ತೀರಿ? ನಿಮ್ಮ ಕಾರ್ಡ್ ನಾ ಏನ್ ನುಂಗ್ತೀನೇನ್ರಿ?”

ನಕ್ಕು ದುಡ್ಡು ಎಣಿಸಿ ಕೊಟ್ಟೆ. ಒಂದು ಕಾರ್ಡು ಹೀಗೇ ಪ್ಲಾಸ್ಟಿಕ್ಕಿನೊಳಗೆ ಹೋಯಿತು, ಅದರ ಹಿಂದೆಯೇ ಒಂದು ಸ್ನೇಹವೂ ಹೋಯಿತು ಎಂದು ಅವಳಿಗೆ ಹೇಗೆ ಹೇಳುವುದು...

ಆ ಸ್ನೇಹಿತರು ಬೀದರಿನವರು. ರೈಲಿನಲ್ಲಿ ಗಾರ್ಡ್ ಆಗಿದ್ದು ನಿವೃತ್ತರಾದವರು. ಗಲ್ಲಿಯವರೆಲ್ಲ ಗಾರ್ಡ್ ಸಾಹೇಬರು ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ನನ್ನದು ಭಾಲ್ಕಿಯಲ್ಲಿ ಔಷಧಿ ಅಂಗಡಿ. ಮಾಲು ತರಲು ಬೀದರಿಗೆ ಹೋದಾಗೆಲ್ಲ ಉಸ್ಮಾನ್‌ಗಂಜಿನ ಒಂದು ರದ್ದಿ ಅಂಗಡಿಯಲ್ಲಿ ಹಳೆಯ ಕಾಗದ ಕೆದರುವುದು ನನ್ನ ಚಟ. ಅಲ್ಲಿ ಒಂದು ದಿನ ಹಳೆಯ ಕ್ರಿಕೆಟ್ ಪತ್ರಿಕೆಗಳ ಕಟ್ಟಿನ ಒಂದು ಕೊನೆ ನಾನು ಹಿಡಿದೆ, ಇನ್ನೊಂದು ಕೊನೆ ಅವರು ಹಿಡಿದರು. ಇಬ್ಬರೂ ಬಿಡಲಿಲ್ಲ. ಇಬ್ಬರಿಗೂ ಪತ್ರಿಕೆ ಬೇಕಿರಲಿಲ್ಲ, ಅದರ ಪುಟಗಳ ನಡುವೆ ಯಾರೋ ಇಟ್ಟು ಮರೆತಿರಬಹುದಾದ ಕಾರ್ಡು ಬೇಕಿತ್ತು ಎಂದು ಗೊತ್ತಾದಾಗ ಇಬ್ಬರ ಮುಖವೂ ಸಿಕ್ಕಿಬಿದ್ದ ಕಳ್ಳರ ಮುಖದಂತಾಯಿತು.

ನಾನು ಶಾಲೆಗೆ ಹೋಗುತ್ತಿದ್ದ ಕಾಲಕ್ಕೆ ಬಬಲ್‌ಗಮ್ ಜೊತೆ ಕ್ರಿಕೆಟ್ ಆಟಗಾರರ ಚಿಕ್ಕ ಚಿಕ್ಕ ಕಾರ್ಡುಗಳು ಬರುತ್ತಿದ್ದವು. ಮುಂದೆ ಚಿತ್ರ, ಹಿಂದೆ ಕಂದು ಬಣ್ಣದ ಒರಟು ರಟ್ಟು. ನನ್ನ ವಾರಿಗೆಯವರು ಅವನ್ನು ಆಡಿ, ಹರಿದು, ಎಸೆದು ಮರೆತುಬಿಟ್ಟರು. ನನಗೆ ಮರೆಯಲಾಗಲಿಲ್ಲ. ಆಗ ಗಾರ್ಡ್ ಸಾಹೇಬರು ನೌಕರಿಯಲ್ಲಿದ್ದವರು. ಪರಳಿಯಿಂದ ವಿಕಾರಾಬಾದಿನವರೆಗೆ ಗಾಡಿ ನಿಂತಲ್ಲೆಲ್ಲ ಗಮ್ ಕೊಂಡು, ಗಮ್ಮನ್ನು ಮಕ್ಕಳಿಗೆ ಹಂಚಿ, ಕಾರ್ಡನ್ನು ಮಾತ್ರ ಕೋಟಿನ ಜೇಬಿಗೆ ಹಾಕಿಕೊಳ್ಳುತ್ತಿದ್ದರಂತೆ. ಒಂದು ಹಳೆಯ ಕಾರ್ಡು ಕೈಗೆ ಬಂದರೆ ಇಬ್ಬರೂ ಮೊದಲು ಮೂಗಿಗೆ ಹಿಡಿಯುತ್ತಿದ್ದೆವು. ಆಮೇಲೆ ಅಂಚಿನ ಮೇಲೆ ಬೆರಳು, ಹಿಂಬದಿಗೆ ಉಗುರು. ಇಲ್ಲದ ಒಬ್ಬ ಆಟಗಾರ ಸಿಕ್ಕು ಸಾಲು ತುಂಬಿದ ದಿನ ನನಗೆ ಊಟ ರುಚಿಸುತ್ತಿತ್ತು, ಗಿರಾಕಿಗಳ ಮೇಲೆ ಸಿಟ್ಟು ಬರುತ್ತಿರಲಿಲ್ಲ. ನನ್ನ ಹೆಂಡತಿ ಮುಖ ನೋಡಿಯೇ “ಸಿಕ್ಕದೇನ್ ಇವತ್ತ?” ಎನ್ನುತ್ತಿದ್ದಳು.

ಚೌಬಾರಾ ಗೋಪುರದ ಹಿಂದಿನ ಗಲ್ಲಿಯಲ್ಲಿ ಅವರ ಮನೆ. ಹೋದ ಕೂಡಲೇ ಚಹಾ, ಉಸ್ಮಾನಿಯಾ ಬಿಸ್ಕತ್ತು, ಕೈ ಒರೆಸಿಕೊಳ್ಳಲು ಟವೆಲ್. ಆಮೇಲೆ ಶುರುವಾಗುತ್ತಿತ್ತು ನಮ್ಮ ಕಳ್ಳಾಟ. ಅವರು ಎಂದೂ ಪೂರ್ತಿ ಆಲ್ಬಂ ತೋರಿಸಲಿಲ್ಲ, ನಾನೂ ತೋರಿಸಲಿಲ್ಲ. ಎರಡೆರಡು ಇದ್ದವನ್ನಷ್ಟೇ ಹೊರಗೆ ತೆಗೆಯುವುದು. ಬೇಕಾದ ಕಾರ್ಡು ಕಂಡರೂ ಬೇಡವೆಂಬಂತೆ ಬಿಸ್ಕತ್ತು ಮುರಿಯುವುದು. ಒಂದು ಕೈಯಲ್ಲಿ ಕೊಡುತ್ತಲೇ ಇನ್ನೊಂದು ಕೈಯಲ್ಲಿ ತೆಗೆದುಕೊಳ್ಳಬೇಕು, ಒಬ್ಬರ ಕಾರ್ಡು ಇನ್ನೊಬ್ಬರ ಮನೆಯಲ್ಲಿ ಉಳಿಯಬಾರದು... ಯಾರೂ ಹೇಳದಿದ್ದರೂ ಇಬ್ಬರೂ ಪಾಲಿಸಿದ ನಿಯಮ. ಗಾಡಿ ಬಿಡುವ ಮುಂಚೆ ಎರಡೂ ಕಡೆ ನೋಡುವ ಚಾಳಿ ಅವರನ್ನು ಬಿಟ್ಟಿರಲಿಲ್ಲ. ಕಾರ್ಡನ್ನೂ ಹಾಗೇ ಮುಂದೆ ಒಮ್ಮೆ, ಹಿಂದೆ ಒಮ್ಮೆ ನೋಡಿ, “ಹೂಂ, ರೈಟ್” ಎನ್ನುತ್ತಿದ್ದರು. ಅವರೆಂದರೆ ನನಗೆ ಬಹಳ ಇಷ್ಟವಿತ್ತು. ಆದರೂ ಅವರು ಒಳಗೆ ಎದ್ದುಹೋದರೆ ನನ್ನ ಕೈ ತಾನಾಗಿ ನನ್ನ ಚೀಲದ ಮೇಲೆ ಹೋಗುತ್ತಿತ್ತು.

ಔರಾದದಲ್ಲಿ ನಮ್ಮ ಸೋದರಮಾವನ ಕಿರಾಣಿ ಅಂಗಡಿ ಇತ್ತು. ಅವರು ತೀರಿಕೊಂಡ ಮೇಲೆ ಬಹಳ ವರ್ಷ ಬಾಗಿಲು ಹಾಕಿಯೇ ಇತ್ತು. ಅದನ್ನು ಖಾಲಿ ಮಾಡಲು ಹೋದಾಗ ಮೇಲಿನ ಹಲಗೆಯಲ್ಲಿ ಒಂದು ತಗಡಿನ ಡಬ್ಬಿ ಸಿಕ್ಕಿತು. ಒಳಗೆ ಗಮ್ಮು ಕಲ್ಲಾಗಿತ್ತು, ಕಾರ್ಡುಗಳು ಒಂದಕ್ಕೊಂದು ಅಂಟಿದ್ದವು. ಬಿಡಿಸುತ್ತ ಹೋದಂತೆ ಒಬ್ಬ ಬ್ಯಾಟ್ಸ್‌ಮನ್ ಎಡಗೈ ಆಟಗಾರನಂತೆ ನಿಂತಿದ್ದ. ಅವನು ಬಲಗೈ ಆಟಗಾರ ಎಂಬುದು ರೇಡಿಯೋ ಕೇಳಿ ಬೆಳೆದ ಯಾರಿಗಾದರೂ ಗೊತ್ತು. ಅಚ್ಚಿನವರು ಚಿತ್ರವನ್ನು ತಿರುಗಿಸಿ ಒತ್ತಿಬಿಟ್ಟಿದ್ದರು. ಇಂಥದೊಂದು ಕಾರ್ಡಿದೆ, ತಪ್ಪು ಗೊತ್ತಾದ ಮೇಲೆ ಅದನ್ನು ನಿಲ್ಲಿಸಿದರು ಎಂದು ಕೇಳಿದ್ದೆವೇ ಹೊರತು ಕಂಡಿರಲಿಲ್ಲ. ಭಾಲ್ಕಿಯವರೆಗೂ ಬಸ್ಸಿನಲ್ಲಿ ಎದೆಯ ಜೇಬಿನ ಮೇಲೆ ಕೈ ಇಟ್ಟುಕೊಂಡೇ ಬಂದೆ. ಕಂಡಕ್ಟರ್ ಎರಡು ಸಲ ನನ್ನ ಕಡೆ ನೋಡಿದ. ಅವನ ಮೇಲೂ ನನಗೆ ಅನುಮಾನ ಬಂತು.

ತಡೆಯಲಾರದೆ ಗಾರ್ಡ್ ಸಾಹೇಬರಿಗೆ ತೋರಿಸಿದೆ. ಅವರು ಕೈ ಒರೆಸಿಕೊಂಡು ಕಾರ್ಡು ತೆಗೆದುಕೊಂಡರು. ಮುಂದೆ ನೋಡಿದರು, ಹಿಂದೆ ನೋಡಿದರು, “ರೈಟ್” ಎನ್ನಲಿಲ್ಲ. ಆಮೇಲೆ ಕೇಳಿದರು:

“ಸಾವಕಾರ್ರೆ, ನಾಕ್ ದಿನ ನನ್ ಬಲ್ಲಿ ಇರ್ಲಿ. ಕಣ್ತುಂಬಾ ನೋಡಿ ಕೊಡ್ತೀನಿ. ಭರೋಸಾ ಇದ್ರ ಕೊಡ್ರಿ, ಇಲ್ಲಂದ್ರ ಬ್ಯಾಡ.”

ಭರೋಸಾ ಎಂದ ಮೇಲೆ ಇಲ್ಲ ಎನ್ನುವುದು ಹೇಗೆ? ಕೊಟ್ಟುಬಂದೆ. ಆ ನಾಲ್ಕು ದಿನ ಅಂಗಡಿಯಲ್ಲಿ ಒಬ್ಬರ ಮಾತ್ರೆ ಇನ್ನೊಬ್ಬರಿಗೆ ಕೊಡುವುದೊಂದು ಬಾಕಿ ಇತ್ತು.

ಅವರೇ ಭಾಲ್ಕಿಗೆ ಬಂದು ಕಾರ್ಡು ವಾಪಸ್ಸು ಕೊಟ್ಟರು. ಅದಕ್ಕೆ ಲ್ಯಾಮಿನೇಷನ್ ಆಗಿತ್ತು! “ಮಳಿಗಾಲದಾಗ ನಿಮ್ಮ ಮನಿ ಗ್ವಾಡಿ ತ್ಯಾವ ಹಿಡೀತದ ಅಂದಿದ್ರಲ್ರಿ. ಕೆಡಬಾರ್ದು ಅಂತ ಪಕ್ಕಾ ಮಾಡಸೀನಿ” ಎಂದು ಸಂತೋಷದಿಂದ ಹೇಳಿದರು. ನಾನು ಕಾರ್ಡನ್ನು ಮೂಗಿಗೆ ಹಿಡಿದೆ. ಈಗ ಮೂಸಿದರೆ ಪ್ಲಾಸ್ಟಿಕ್ಕು, ಉಗುರಿಗೆ ಪ್ಲಾಸ್ಟಿಕ್ಕು. ಒಳಗಿರುವುದು ಅಸಲಿಯೋ, ಕಲರ್ ಝೆರಾಕ್ಸ್ ತೆಗೆದು ರಟ್ಟಿಗೆ ಅಂಟಿಸಿದ ನಕಲಿಯೋ, ಹೇಳುವುದು ಹೇಗೆ? ಕತ್ತರಿಸಿದರೆ ಗೊತ್ತಾಗುತ್ತದೆ, ಆದರೆ ಪ್ಲಾಸ್ಟಿಕ್ಕಿನ ಜೊತೆ ಚಿತ್ರವೂ ಕಿತ್ತುಬರುತ್ತದೆ. ಇಷ್ಟು ವರ್ಷ ತಮ್ಮ ಒಂದು ಕಾರ್ಡಿಗೂ ಲ್ಯಾಮಿನೇಷನ್ ಮಾಡಿಸದವರು ನನ್ನದಕ್ಕೇ ಯಾಕೆ ಮಾಡಿಸಿದರು? ಬಿಸಿಲಿಗೆ ಹಿಡಿದು ನೋಡಿದೆ, ಬಲ್ಬಿಗೆ ಹಿಡಿದು ನೋಡಿದೆ. ಒಂದು ದಿನ ಬಣ್ಣ ಸರಿಯಾಗೇ ಇದೆ ಅನಿಸುತ್ತಿತ್ತು, ಮರುದಿನ ಕೆಂಪು ಸ್ವಲ್ಪ ಹೆಚ್ಚಾಯಿತಲ್ಲ ಅನಿಸುತ್ತಿತ್ತು.

ಬಾಯಿಬಿಟ್ಟು ಕೇಳಲಿಲ್ಲ. ಕೇಳಿದರೆ ಸಂಬಂಧ ಹರಿಯುತ್ತದೆ ಎಂದು ಸುಮ್ಮನಿದ್ದೆ. ಸುಮ್ಮನಿದ್ದದ್ದರಿಂದಲೇ ಅದು ಸವೆಯಿತು. ಅವರ ಮನೆಗೆ ಹೋದರೆ ನನ್ನ ಕಣ್ಣು ಕಪಾಟು, ಅಟ್ಟ, ಟ್ರಂಕು ಎಂದು ಓಡಾಡುತ್ತಿತ್ತು. ಬರಬರುತ್ತ ಹೋಗುವುದೇ ಕಡಿಮೆಯಾಯಿತು. ಅವರು ಮಾತ್ರ ಬೆಳಗಿನ ಗಾಡಿಗೆ ಬಂದು ನನ್ನ ಅಂಗಡಿಯ ಬೆಂಚಿನ ಮೇಲೆ ಕೂರುತ್ತಿದ್ದರು. ನಾನು ಇಲ್ಲದ ಕೆಲಸ ಹಚ್ಚಿಕೊಳ್ಳುತ್ತಿದ್ದೆ. ಒಮ್ಮೆ ನಾನು ಬಹಳ ವರ್ಷದಿಂದ ಹುಡುಕುತ್ತಿದ್ದ ಒಬ್ಬ ವಿಕೆಟ್‌ಕೀಪರನ ಕಾರ್ಡು ತಂದರು. ಬದಲಿಗೆ ಏನೂ ಕೇಳಲಿಲ್ಲ, “ಇಟ್ಕೋರಿ” ಎಂದರು. ಪುಕ್ಕಟೆ ಯಾಕೆ ಕೊಟ್ಟರು? ಬಾಯಿ ಮುಚ್ಚಿಸಲಿಕ್ಕೇ ಇರಬೇಕು ಎಂದುಕೊಂಡೆ. ಅಂದು ಅವರು ಚಹಾ ಕುಡಿದು ಸ್ವಲ್ಪ ಹೊತ್ತು ಕೂತು, ನನ್ನ ಮುಖ ನೋಡಿ, “ಏನರ ಕೇಳೋದದ ಏನ್ರಿ?” ಎಂದರು. “ಏನಿಲ್ರಿ” ಎಂದೆ. ಅದಾದ ಮೇಲೆ ಅವರು ಭಾಲ್ಕಿಗೆ ಬಂದದ್ದು ನನಗೆ ನೆನಪಿಲ್ಲ...

ಅವರು ತೀರಿಕೊಂಡ ಸುದ್ದಿ ನನಗೆ ತಡವಾಗಿ ಮುಟ್ಟಿತು. ಕೆಲವು ತಿಂಗಳ ಮೇಲೆ ಅವರ ಮಗಳು ಫೋನ್ ಮಾಡಿ, ಅಬ್ಬಾನ ಕಾರ್ಡುಗಳಿವೆ, ಒಮ್ಮೆ ಬಂದು ನೋಡಿರಿ ಎಂದಳು. ದುಃಖವಾಗಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಬೀದರಿಗೆ ಹೊರಟಾಗ ತಲೆಯಲ್ಲಿ ಇದ್ದದ್ದು ಒಂದೇ: ಇವತ್ತು ನನ್ನ ಅಸಲಿ ಕಾರ್ಡು ಸಿಗುತ್ತದೆ.

ಅವಳು ಟ್ರಂಕು ತೆರೆದಳು. ಒಳ್ಳೊಳ್ಳೆಯ ಕಾರ್ಡುಗಳಿಗೆಲ್ಲ ಲ್ಯಾಮಿನೇಷನ್ ಆಗಿತ್ತು. ನನ್ನದಾದ ಮೇಲೆ ಗಾರ್ಡ್ ಸಾಹೇಬರು ತಮ್ಮವಕ್ಕೂ ಮಾಡಿಸಿದ್ದರು. ನಿಜವಾಗಿ ಕೆಡಬಾರದೆಂದೇ ಮಾಡಿಸಿದರೋ, ನನಗೆ ಹೇಳಿದ ಮಾತನ್ನು ನಿಜವೆನಿಸಲು ಮಾಡಿಸಿದರೋ... ಒಂದೊಂದಾಗಿ ಎತ್ತಿ ನೋಡಿದೆ. ಟ್ರಂಕು ಮುಗಿದ ಮೇಲೆ ನಾನು ಕೇಳದೆಯೇ ಅವಳು ಕಪಾಟು ತೆರೆದಳು, ಅಟ್ಟದ ಡಬ್ಬಿ ಇಳಿಸಿದಳು, ಹಾಸಿಗೆಯ ಕೆಳಗಿನ ಪೆಟ್ಟಿಗೆ ಎಳೆದಳು. ಎಡಗೈ ಬ್ಯಾಟ್ಸ್‌ಮನ್ ಎಲ್ಲಿಯೂ ಇರಲಿಲ್ಲ.

“ಇಷ್ಟೆಲ್ಲಾ ಯಾಕ ತೆಗೀಲಾಕತ್ತೀಯವ್ವಾ?” ಎಂದೆ.

“ಅಬ್ಬಾನೇ ಹೇಳಿದ್ರು ಕಾಕಾ. ಭಾಲ್ಕಿ ಸಾವಕಾರ್ರು ಬರ್ತಾರ, ಒಂದು ಕಾರ್ಡ್ ಹುಡುಕ್ತಾರ. ಅವ್ರು ಬಾಯಿಬಿಟ್ಟು ಕೇಳಂಗಿಲ್ಲ, ನೀನೇ ಮನ್ಯಾಗಿಂದೆಲ್ಲಾ ತೆಗದು ತೋರಸು ಅಂದ್ರು. ಯಾವ ಕಾರ್ಡ್ರಿ ಅದು? ಸಿಕ್ತೇನ್ರಿ?”

ಕೈಯಲ್ಲಿದ್ದ ಕಾರ್ಡುಗಳನ್ನು ಪೆಟ್ಟಿಗೆಗೆ ವಾಪಸ್ಸು ಹಾಕಿದೆ. ಸಿಗಲಿಲ್ಲ ಎಂದು ತಲೆಯಾಡಿಸಿದೆ. ಅವಳಿಗೆ ಕೆಡುಕೆನಿಸಿತು, ಅಬ್ಬಾ ಎಲ್ಲೋ ಜೋಪಾನ ಮಾಡಿಟ್ಟಿರಬೇಕು, ಹುಡುಕಿ ಕಳಿಸುತ್ತೇನೆ ಎಂದಳು.

ಗಾಡಿಯಲ್ಲಿ ಕಿಟಕಿಯ ಪಕ್ಕ ಕೂತೆ. ಅವರಿಗೆ ಎಲ್ಲ ಗೊತ್ತಿತ್ತು. ನನ್ನ ಅಂಗಡಿಯ ಬೆಂಚಿನ ಮೇಲೆ ಕೂತು ನಾನು ಕೇಳಲಿ ಎಂದು ಕಾದಿದ್ದರು. ಹಲಬರ್ಗಾ ಸ್ಟೇಷನ್ ದಾಟುವಷ್ಟರಲ್ಲಿ ಇನ್ನೊಂದು ಯೋಚನೆಯೂ ಬಂತು: ಮಗಳ ಬಾಯಿಂದ ಹೀಗೆ ಹೇಳಿಸಿದ್ದೂ ಒಂದು ಉಪಾಯವೇ ಇರಬಹುದಲ್ಲ? ಇಂಥ ಮನಸ್ಸನ್ನು ಹೊತ್ತುಕೊಂಡು ಎಲ್ಲಿಗೆ ಹೋಗುವುದು?

ಮೊನ್ನೆ ಆ ಪ್ಲಾಸ್ಟಿಕ್ಕಿನ ಕಾರ್ಡನ್ನು ಮೇಜಿನ ಮೇಲೆ ಇಟ್ಟುಕೊಂಡು ಕೂತಿದ್ದೆ. ಅವರನ್ನು ಕೇಳುವ ದಾರಿ ಇನ್ನಿಲ್ಲ, ಅವರಿಲ್ಲ. ಹೆಂಡತಿ ಸ್ವಲ್ಪ ಹೊತ್ತು ನಿಂತು ನೋಡಿ ಒಳಗಿನಿಂದ ಕತ್ತರಿ ತಂದಿಟ್ಟಳು.

“ಕತ್ತರಿಸಿ ನೋಡಿಬಿಡ್ರಿ ಒಮ್ಮಿ. ನಕಲಿ ಇದ್ರ ಇರ್ಲಿ, ಗೊತ್ತರ ಆಗ್ತದ.”

“ಅಸಲಿ ಇದ್ರ?” ಎಂದೆ.

ಅವಳು ಕತ್ತರಿ ಎತ್ತಿಕೊಂಡು ಒಳಗೆ ಹೋದಳು.